ಪಕ್ಕದ ಸ್ಲಾಟ್ ಖಾಲಿ ಬಿಡಬೇಡಿ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಅಕ್ಕನ ಮಗಳಿಗೆ ಹೊಸ ಡೆಸ್ಕ್‌ಟಾಪ್ ಬಂತು. ತೀರ್ಥಹಳ್ಳಿ ಹತ್ತಿರ ತೋಟದ ಮನೆ ಅವರದು. ಜೋಡಿಸಿ ಕೊಟ್ಟಿದ್ದು ಶಿವಮೊಗ್ಗದ ಒಂದು ಅಂಗಡಿಯವರು. ಪ್ರೊಸೆಸರ್ ರೈಜೆನ್ 5 5600ಜಿ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಅದರೊಳಗೇ, 16 ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅವಳು ಬ್ಲೆಂಡರ್ ಅನ್ನುವ 3ಡಿ ಮಾಡೆಲ್ ಮಾಡುವ ತಂತ್ರಾಂಶ ಕಲಿಯುತ್ತಿದ್ದಾಳೆ. ಮಾಡೆಲ್ ಸ್ವಲ್ಪ ದೊಡ್ಡದಾದರೆ ತಿರುಗಿಸುವಾಗ ತಡೆದು ತಡೆದು ಚಲಿಸುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, "ಇನ್‌ಬಿಲ್ಟ್ ಗ್ರಾಫಿಕ್ಸ್ ಅಂದ್ರೆ ಅಷ್ಟೇ ಅಕ್ಕಾ, ಕಾರ್ಡ್ ಹಾಕಿಸ್ಬೇಕು" ಅಂದರಂತೆ.

ನಾನು ಹೋಗಿ ಕ್ಯಾಬಿನೆಟ್ ಬಿಚ್ಚಿ ನೋಡಿದೆ. 16 ಜಿಬಿಯ ಒಂದೇ ರ್ಯಾಮ್ ಸ್ಟಿಕ್. ಪಕ್ಕದ ಸ್ಲಾಟ್ ಖಾಲಿ.

ನನಗೆ ನಿಜವಾಗಿಯೂ ಬೇಸರವಾಯಿತು. ಯಾಕೆ ಅಂತ ಹೇಳುತ್ತೇನೆ.

ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಮನೆಗೆ ಬರುವುದನ್ನು ನೀವು ನೋಡಿದ್ದೀರಿ. ಅದೇ ಪೈಪಿನಿಂದ ಅಡುಗೆಮನೆಗೂ ನೀರು, ತೋಟಕ್ಕೂ ನೀರು. ತೋಟಕ್ಕೆ ಬಿಟ್ಟರೆ ಅಡುಗೆಮನೆ ನಲ್ಲಿ ಸಣ್ಣಗಾಗುತ್ತದೆ. ಇನ್‌ಬಿಲ್ಟ್ ಗ್ರಾಫಿಕ್ಸ್ ಬದುಕುವುದು ಹೀಗೆ. ಅದಕ್ಕೆ ತನ್ನದೇ ಮೆಮೊರಿ ಇಲ್ಲ. ಪ್ರೊಸೆಸರ್ ಬಳಸುವ ರ್ಯಾಮ್‌ನಿಂದಲೇ ಅದೂ ಡೇಟಾ ಎಳೆದುಕೊಳ್ಳಬೇಕು. ಬೇರೆ ಕಾರ್ಡಿಗಾದರೋ ಸ್ವಂತ ಬಾವಿ ಇರುತ್ತದೆ.

ಲೆಕ್ಕ ನೋಡಿ. ಡಿಡಿಆರ್4 3200 ಅನ್ನುವ ಬಗೆಯ ರ್ಯಾಮ್‌ನ ಒಂದು ಸ್ಟಿಕ್ ಹಾಕಿದರೆ, ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಹರಿಯುತ್ತದೆ. ಎರಡು ಸ್ಟಿಕ್‌ಗಳನ್ನು ಎರಡು ಚಾನೆಲ್‌ಗಳಿಗೆ, ಅಂದರೆ ಪ್ರೊಸೆಸರ್‌ಗೆ ಹೋಗುವ ಎರಡು ಬೇರೆ ದಾರಿಗಳಿಗೆ, ಹಾಕಿದರೆ 51.2 ಜಿಬಿ. ಆರ್‌ಟಿಎಕ್ಸ್ 4060 ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಇದು 272 ಜಿಬಿ. 5600ಜಿ ಒಳಗಿರುವ 7 ಗ್ರಾಫಿಕ್ಸ್ ಯೂನಿಟ್‌ಗಳು ಕೆಲಸಕ್ಕೆ ಬಾರದವಲ್ಲ. ನೀರು ಸಾಲದೆ ಕಾಯುತ್ತಾ ಕೂತಿರುತ್ತವೆ. ಇದ್ದ ದಾರಿಯಲ್ಲೂ ಅರ್ಧ ಮುಚ್ಚಿ ಕೊಟ್ಟು, ಆಮೇಲೆ ಚಿಪ್ ಸರಿಯಿಲ್ಲ ಅನ್ನುವುದು ಯಾವ ನ್ಯಾಯ?

ಅಂಥದ್ದೇ ಇನ್ನೊಂದು ಸ್ಟಿಕ್ ತಂದು ಹಾಕಿದೆವು. ಅವಳ ಮಾಡೆಲ್ ಸಲೀಸಾಗಿ ತಿರುಗಿತು. ಕಾರ್ಡಿನ ಮಾತು ಅಲ್ಲಿಗೇ ನಿಂತಿತು. ನಿಮ್ಮ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಎರಡು ಸ್ಟಿಕ್ ಯಾವುದಕ್ಕೆ ಹಾಕಬೇಕು ಅಂತ ಅದರ ಪುಸ್ತಕ ನೋಡಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಸುಮ್ನೆ ಅಕ್ಕಪಕ್ಕ ಚುಚ್ಚಿದರೆ ಎರಡೂ ಒಂದೇ ಚಾನೆಲ್ಲಿಗೆ ಹೋಗಬಹುದು.

ಈ ದಾರಿಯ ತೊಂದರೆ ಹಳೆಯದು. 1999ರಲ್ಲಿ ಇಂಟೆಲ್ 810 ಬಂದಾಗ ಗ್ರಾಫಿಕ್ಸ್ ಇದ್ದದ್ದು ಪ್ರೊಸೆಸರ್‌ನ ಹೊರಗೆ, ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿ. 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಚಿಪ್ ಅದನ್ನು ಪ್ರೊಸೆಸರ್ ಇರುವ ಅದೇ ಸಿಲಿಕಾನ್ ಮೇಲೆ ತಂದಿತು, ಎಲ್3 ಕ್ಯಾಶ್ ಅನ್ನುವ, ಪ್ರೊಸೆಸರ್ ಒಳಗಿನ ಸಣ್ಣ ವೇಗದ ಮೆಮೊರಿಯಲ್ಲೂ ಪಾಲು ಕೊಟ್ಟಿತು. ಅದೇ ವರ್ಷ ರೈಜೆನ್ ಮಾಡುವ ಎಎಂಡಿಯಿಂದ ಅಂಥದ್ದೇ ಚಿಪ್ ಲಾನೋ ಬಂತು. 2015ರ ಇಂಟೆಲ್ ಕೋರ್ ಐ7 5775ಸಿ ನನಗೆ ತುಂಬಾ ಇಷ್ಟವಾದ ಚಿಪ್. ಅದರ ಜೊತೆ ಇ-ಡಿರ್ಯಾಮ್ ಅನ್ನುವ 128 ಎಂಬಿ ವೇಗದ ಮೆಮೊರಿ ಕೂರಿಸಿದ್ದರು. ಪೈಪ್ ಸಣ್ಣದಾದರೂ ಬಚ್ಚಲ ಪಕ್ಕ ಒಂದು ತೊಟ್ಟಿ ಕಟ್ಟಿ ತುಂಬಿಟ್ಟ ಹಾಗೆ! ಡೆಸ್ಕ್‌ಟಾಪ್‌ನಲ್ಲಿ ಆ ಉಪಾಯ ಹೆಚ್ಚು ಕಾಲ ಮುಂದುವರಿಯಲಿಲ್ಲ.

ಕಾರ್ಡ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಗೇಮ್, ಭಾರೀ ರೆಂಡರಿಂಗ್ ಇದ್ದರೆ ಬೇಕು. ಆದರೆ ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ವಾ? ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ. 5600ಜಿ ಅಂದರೆ ಗ್ರಾಫಿಕ್ಸ್ ಸೇರಿ 65 ವಾಟ್ ಲೆಕ್ಕದ ಚಿಪ್. 4060 ಕಾರ್ಡ್ ಒಂದಕ್ಕೇ 115 ವಾಟ್. ಮನೆಯ ಸಣ್ಣ ಯುಪಿಎಸ್‌ನಲ್ಲಿ ಮಾಡುತ್ತಿರುವ ಕೆಲಸ ಸೇವ್ ಮಾಡಿಕೊಳ್ಳಲು ಸಮಯ ಸಿಗುವುದು ಯಾವುದರಲ್ಲಿ, ನೀವೇ ಹೇಳಿ.

ಈಗ ದಾರಿಯನ್ನೇ ಅಗಲ ಮಾಡುವ ಚಿಪ್‌ಗಳು ಬಂದಿವೆ. ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಪ್ಲಸ್ 395ರಲ್ಲಿ 256 ಬಿಟ್ ಮೆಮೊರಿ ದಾರಿ, 40 ಗ್ರಾಫಿಕ್ಸ್ ಯೂನಿಟ್, ಸೆಕೆಂಡಿಗೆ 256 ಜಿಬಿ. ಕೇಳಿದರೆ ಖುಷಿಯಾಗುತ್ತದೆ. ಆದರೆ ಅದರ ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಶೀತ ಹಿಡಿದು ಕಂಪ್ಯೂಟರ್ ಆನ್ ಆಗದಿದ್ದರೆ ನಾವೇನು ಮಾಡುತ್ತೇವೆ? ಪ್ಲಗ್ ತೆಗೆದು, ರ್ಯಾಮ್ ಕಿತ್ತು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುತ್ತೇವೆ. ಹೆಚ್ಚಿನ ಸಲ ಸರಿಹೋಗುತ್ತದೆ. ಒಂದು ಸ್ಟಿಕ್ ಹೋದರೂ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಬೆಸುಗೆ ಹಾಕಿದ್ದು ಕೆಟ್ಟರೆ ಇಡೀ ಬೋರ್ಡ್ ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ಆ ರಬ್ಬರ್ ಕೆಲಸವನ್ನೂ ಅವಳಿಗೆ ಕಲಿಸಿ ಬಂದಿದ್ದೆ. ಈ ಸಲ ಆಷಾಢದ ಮಳೆಯಲ್ಲಿ ಸ್ಕ್ರೀನ್ ಕಪ್ಪಾದಾಗ ನನಗೆ ಫೋನ್ ಬರಲಿಲ್ಲ. ಮರುದಿನ ಫೋಟೋ ಬಂತು. ಎರಡೂ ಸ್ಟಿಕ್ ಉಜ್ಜಿ ಅವಳೇ ಕೂರಿಸಿಕೊಂಡಿದ್ದಳು.