ಆ ಕಪ್ಪು ಗೆರೆಗೆ ಸಹಿ ಯಾಕೆ ಬೇಕು?

"ಪ್ರಿಂಟ್ ಅಂದ್ರೆ ಜೆರಾಕ್ಸ್ ತಾನೆ? ಅದಕ್ಕೆ ಇಷ್ಟೊಂದು ದುಡ್ಡಾ?" ಕಲಾಕೃತಿ ಸಂಗ್ರಹಿಸೋರನ್ನ ಎಲ್ಲರೂ ಕೇಳೋ ಪ್ರಶ್ನೆ ಇದು. ನನ್ನ ಉತ್ತರ ಒಂದು ಗೆರೆಯಿಂದ ಶುರುವಾಗುತ್ತೆ.

ಕಲಾವಿದೆ ಜರೀನಾ ಹಾಶ್ಮಿ ಅವರ 'ಡಿವೈಡಿಂಗ್ ಲೈನ್', 2001ರ ವುಡ್‌ಕಟ್. ಅಂದ್ರೆ ಮರದ ಹಲಗೆ ಕೆತ್ತಿ, ಉಳಿದ ಉಬ್ಬಿಗೆ ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿ ತೆಗೆಯೋ ಪ್ರಿಂಟ್. ಇಡೀ ಹಾಳೆಯಲ್ಲಿ ಅಂಕುಡೊಂಕಾಗಿ ಇಳಿಯೋ ಒಂದೇ ಒಂದು ಕಪ್ಪು ಗೆರೆ. ಊರಿನ ಹೆಸರಿಲ್ಲ, ಮನುಷ್ಯರಿಲ್ಲ, ರಕ್ತ ಇಲ್ಲ. ಅದು 1947ರಲ್ಲಿ ಎಳೆದ ಗಡಿ. ಜರೀನಾ 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಅಲ್ಲೇ ಗಣಿತ ಓದಿದವರು. ಆಮೇಲೆ ಅವರ ಮನೆಯವರು ಪಾಕಿಸ್ತಾನಕ್ಕೆ ಹೋದರು.

ಇಂಥ ವುಡ್‌ಕಟ್‌ನಲ್ಲಿ ಕಪ್ಪು ಗೆರೆ ಬೇಕಂದ್ರೆ ಗೆರೆಯನ್ನ ಕೆತ್ತಲ್ಲ. ಅದನ್ನ ಬಿಟ್ಟು ಸುತ್ತಲಿನ ಮರವನ್ನೆಲ್ಲ ಉಳಿ ಹಿಡಿದು ಕೆತ್ತಿ ತೆಗೀತಾರೆ. ಅಂದ್ರೆ ಗಡಿ ನಿಲ್ಲಬೇಕಾದ್ರೆ ಎರಡೂ ಕಡೆಯ ನೆಲ ಹೋಗಬೇಕು. ಇದು ಹೊಳೆದಾಗ ನನ್ನ ಮೈ ಜುಮ್ಮೆಂದಿತು. ವಿಭಜನೆ ಬಗ್ಗೆ ಎಷ್ಟೋ ಓದಿದ್ದೆ, ಹೀಗೆ ತಟ್ಟಿರಲಿಲ್ಲ.

'ಡಿವೈಡಿಂಗ್ ಲೈನ್'ನ ಆವೃತ್ತಿ 20 ಪ್ರತಿ, ಅಂದ್ರೆ ಸಂಖ್ಯೆ ಹಾಕಿ ತೆಗೆದಿದ್ದು ಇಪ್ಪತ್ತೇ. ಇಂಥ ಪ್ರಿಂಟ್‌ಗಳ ಕೆಳಗೆ ಪೆನ್ಸಿಲ್‌ನಲ್ಲಿ 7/20 ಅಂತ ಬರೆದಿರ್ತಾರೆ, ಇಪ್ಪತ್ತರಲ್ಲಿ ಏಳನೆಯದು ಅಂತ. ಪಕ್ಕದಲ್ಲಿ ಸಹಿ. ಒಟ್ಟು ಪ್ರತಿಗಳು ಕಡಿಮೆ ಇದ್ರೆ ಮುಂದೆ ಬೆಲೆ ಏರುತ್ತೆ ಅಂತ ಲೆಕ್ಕ ಹಾಕಿ ಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ರಾಜಕೀಯದ ಮಾತಾಡೋ ಕೃತಿಯಲ್ಲಿ ಸಹಿ ಅಂದ್ರೆ ಹೊಣೆ. 'ಈ ಪ್ರತಿಯನ್ನ ನಾನು ನೋಡಿದ್ದೀನಿ, ಇದು ನನ್ನ ಮಾತು' ಅಂತ ಕಲಾವಿದೆ ಒಪ್ಪಿಕೊಂಡ ಗುರುತು. ಅದಕ್ಕೇ, ಪೇಂಟಿಂಗ್‌ ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದು 'ಲಿಮಿಟೆಡ್ ಎಡಿಷನ್' ಅಂತ ಮಾರಿದ್ರೆ ನಾನು ಕೊಳ್ಳಲ್ಲ. ಅಲ್ಲಿ ಉಳಿಯೂ ಇಲ್ಲ, ಒತ್ತೂ ಇಲ್ಲ. ಕೊಳ್ಳೋ ಮುಂಚೆ ಯಾವ ಮಾಧ್ಯಮ, ಯಾರು ಅಚ್ಚು ತೆಗೆದಿದ್ದು, ಒಟ್ಟು ಎಷ್ಟು ಪ್ರತಿ ಅಂತ ಬಾಯಿ ಬಿಟ್ಟು ಕೇಳಿ. ಉಳಿಯ, ಒತ್ತಿನ ಗುರುತು ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ.

ಇಂಥ ಇನ್ನೊಬ್ಬ ಕಲಾವಿದರು ಸೋಮನಾಥ ಹೋರ್. 1943ರ ಬಂಗಾಳದ ಕ್ಷಾಮವನ್ನ ಕಣ್ಣಾರೆ ಕಂಡು ಚಿತ್ರಿಸಿದವರು. 1970ರ ದಶಕದಲ್ಲಿ 'ವೂಂಡ್ಸ್' ಸರಣಿ ಮಾಡಿದರು, ಅಂದ್ರೆ ಗಾಯಗಳು. ಜೇಡಿಮಣ್ಣಿನ ಹಾಳೆಯನ್ನ ಕುಯ್ದು, ಚುಚ್ಚಿ, ಅದರಿಂದ ಸಿಮೆಂಟ್ ಅಚ್ಚು ತೆಗೆದು, ಅಚ್ಚಿನ ಮೇಲೆ ಕಾಗದದ ತಿರುಳು ಒತ್ತುತ್ತಿದ್ದರು. ಬಿಳಿ ಮೇಲೆ ಬಿಳಿ. ಎಲ್ಲಾದ್ರೂ ನೋಡೋಕೆ ಸಿಕ್ಕರೆ ಎದುರಿಗೆ ನಿಂತು ಮುಂದೆ ಹೋಗಿಬಿಡಬೇಡಿ. ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳೋ ಕಡೆಯಿಂದ ನೋಡಿ. ಆಗ ಕಾಣುತ್ತೆ ಗಾಯ.