ಸೊರಗಿದ ಸಂಪಿಗೆ ಮರ: ಗೊಬ್ಬರ ಹಾಕುವ ಮುನ್ನ ಬುಡ ನೋಡಿ

[ದೃಶ್ಯ: ಮನೆಯಂಗಳದ ಸಂಪಿಗೆ ಮರ, ತುದಿಯ ಕೊಂಬೆಗಳು ಬೋಳಾಗಿವೆ]

ನಿರೂಪಣೆ: ನಮಸ್ಕಾರ. ಬೆಂಗಳೂರಿನ 30×40 ನಿವೇಶನಗಳಲ್ಲಿ ಗೇಟಿನ ಪಕ್ಕದ ತುಂಡು ಜಾಗದಲ್ಲಿ ನೆಟ್ಟ ಸಂಪಿಗೆ ವರ್ಷಗಟ್ಟಲೆ ಹೂ ಬಿಟ್ಟು, ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ ಮೇಲೆ ಸೊರಗತೊಡಗುವುದುಂಟು. ಎಲೆ ಹಳದಿಯಾದ ಕೂಡಲೇ ಬುಡಕ್ಕೆ ಯೂರಿಯಾ ಸುರಿಯುವವರೇ ಹೆಚ್ಚು. ಬೇರು ದುರ್ಬಲವಾಗಿರುವ ಮರಕ್ಕೆ ಅದು ಮದ್ದಲ್ಲ, ಮತ್ತೊಂದು ಹೊರೆ.

[ಸಮೀಪ ದೃಶ್ಯ: ಅಂಗೈ ಮೇಲೆ ಒಂದು ಹಳೆಯ ಎಲೆ, ಒಂದು ಚಿಗುರೆಲೆ]

ನಿರೂಪಣೆ: ಹಳದಿ ಬಣ್ಣ ಮೊದಲು ಯಾವ ಎಲೆಗೆ ಬಂತು ಎಂಬುದನ್ನು ಗಮನಿಸಬೇಕು. ಹಳೆಯ ಎಲೆಗಳು ಪೂರ್ತಿಯಾಗಿ ಬಿಳಚಿಕೊಂಡಿದ್ದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದಿಂದ ಬಂದದ್ದಲ್ಲವೇ ಎಂದು ಕೇಳಬಹುದು. ನಿಜ, ಆದರೆ ಸಿಮೆಂಟಿನಿಂದ ಇಳಿಯುವ ಸುಣ್ಣದ ಅಂಶ ಮತ್ತು ಗಡಸು ಬೋರ್‌ವೆಲ್ ನೀರು ಸೇರಿ ಮಣ್ಣನ್ನು ಕ್ಷಾರೀಯವಾಗಿಸಿದಾಗ, ಆ ಕಬ್ಬಿಣ ನೀರಿನಲ್ಲಿ ಕರಗದೆ ಬೇರಿಗೆ ದಕ್ಕದೆ ಹೋಗುತ್ತದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ತರಗೆಲೆ ಕೊಳೆತ ಸಡಿಲ ಮಣ್ಣಿನಲ್ಲಿ ಬೆಳೆಯುವ ಮರಕ್ಕೆ ಇದು ಒಗ್ಗುವುದಿಲ್ಲ.

[ದೃಶ್ಯ: ಉಗುರಿನಿಂದ ಕಡ್ಡಿಯ ತೊಗಟೆ ಕೆರೆಯುವುದು]

ನಿರೂಪಣೆ: ಒಣಗಿದಂತೆ ಕಾಣುವ ಕೊಂಬೆಯ ತೊಗಟೆಯನ್ನು ಅಲ್ಲಲ್ಲಿ ಕೆರೆದು ನೋಡಿ. ಒಳಗೆ ಹಸಿಹಸಿರಾಗಿದ್ದರೆ ಅಲ್ಲಿಯವರೆಗೆ ಜೀವವಿದೆ. ಕಂದಾಗಿದ್ದರೆ ಆ ಭಾಗವನ್ನು ಕತ್ತರಿಸಬಹುದು. ಹಸಿರು ಕೊಂಬೆಗಳನ್ನು ಮಾತ್ರ ಈಗ ಮುಟ್ಟಬೇಡಿ, ಮರಕ್ಕೆ ಅನ್ನ ಸಿದ್ಧವಾಗುವುದು ಉಳಿದ ಆ ಎಲೆಗಳಲ್ಲೇ.

[ದೃಶ್ಯ: ಬುಡದ ಸುತ್ತ ಕಾಂಕ್ರೀಟ್ ಒಡೆಯುವುದು]

ನಿರೂಪಣೆ: ನಿಜವಾದ ಕೆಲಸ ಇಲ್ಲಿದೆ. ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುವುದರಿಂದ, ಕಾಂಡದಿಂದ ಕನಿಷ್ಠ ಮೂರಡಿಯವರೆಗೆ, ಸಾಧ್ಯವಾದರೆ ಇನ್ನೂ ಹೆಚ್ಚು, ಕಾಂಕ್ರೀಟ್ ತೆಗೆಸಿ. ಸಂಪಿಗೆಯ ಬೇರು ಮೆದು. ಕೆಲಸದವರು ಹಾರೆಯನ್ನು ಆಳಕ್ಕೆ ಇಳಿಸದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಕಾಂಡಕ್ಕೆ ಏರಿಸಿದ ಮಣ್ಣಿದ್ದರೆ, ಬುಡ ಅಗಲವಾಗಿ ಬೇರು ಕವಲೊಡೆಯುವ ಜಾಗ ಕಾಣುವವರೆಗೆ ಅದನ್ನು ಕೈಯಿಂದಲೇ ಸರಿಸಿ. ಆಮೇಲೆ ಅಂಚಿನಲ್ಲಿ ಬೇರಿಲ್ಲದ ಕಡೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಮರ ಬಾಡುತ್ತಿರುವುದು ನೀರು ಸಾಲದೆ ಅಲ್ಲ, ನೀರು ಅತಿಯಾಗಿ. ಅದು ಹರಿದು ಹೋಗಲು ದಾರಿ ಮಾಡಬೇಕು.

[ದೃಶ್ಯ: ಪಾತಿಗೆ ತರಗೆಲೆ ಹರಡುವುದು]

ನಿರೂಪಣೆ: ಪಾತಿಯಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಹರಡಿ, ಮೇಲೆ ಎರಡು-ಮೂರು ಅಂಗುಲ ತರಗೆಲೆ ಹೊದಿಸಿ; ಅದು ಕಾಂಡಕ್ಕೆ ತಾಗದಿರಲಿ. ಚಿಗುರಿನ ಹಳದಿಗೆ ಕಬ್ಬಿಣದ ಚೀಲೇಟ್, ಅಂದರೆ ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಕರಗಿದ ರೂಪದಲ್ಲೇ ಇಡುವ ಗೊಬ್ಬರ, ಬಳಸುವುದಾದರೆ, ಕ್ಷಾರೀಯ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ ರೂಪದ್ದನ್ನೇ ಕೇಳಿ ತನ್ನಿ. ಸಾಧ್ಯವಾದಷ್ಟು ಮಳೆನೀರನ್ನು ಪಾತಿಗೆ ತಿರುಗಿಸಿ. ಹಳದಿಯಾದ ಹಳೆಯ ಎಲೆಗಳು ಮತ್ತೆ ಹಸಿರಾಗದಿದ್ದರೆ ಗಾಬರಿ ಬೇಡ, ಹೊಸ ಚಿಗುರಿನ ಬಣ್ಣವನ್ನಷ್ಟೇ ನೋಡಿ. ಮರ ಪೂರ್ತಿ ಚೇತರಿಸಿಕೊಳ್ಳಲು ಒಂದೆರಡು ಮಳೆಗಾಲ ಹಿಡಿಯಬಹುದು. ಬುಡದ ತೊಗಟೆಯೇ ಸುತ್ತಲೂ ಕೊಳೆತು ಕಳಚುತ್ತಿದ್ದರೆ ಮಾತ್ರ ಈ ಯಾವ ಉಪಚಾರವೂ ಫಲಿಸದು. ಗೋಡೆಗೆ ಅಷ್ಟು ಹತ್ತಿರದ ಮರವನ್ನು ಬೀಳುವ ಮೊದಲೇ ಅರಣ್ಯ ವಿಭಾಗದ ಅನುಮತಿ ಪಡೆದು ತೆಗೆಸಬೇಕಾಗುತ್ತದೆ.