ಬ್ರೇಕ್ ಇಲ್ಲದ ಇಪ್ಪತ್ತೊಂದು ನಿಮಿಷ

ನಮಸ್ಕಾರ, ಕೇಳುಗರೇ.

ನಮ್ಮ ಸೋದರಮಾವನ ಹತ್ತಿರ ಒಂದು ಜಾವಾ ಇತ್ತು. ಮೈಸೂರಿನ ಯಾದವಗಿರಿ ಕಾರ್ಖಾನೆಯಿಂದ ಹೊರಬಂದದ್ದು. ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ನಾನು ಪಿಯುಸಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಮಾವ ಉಂಡು ಮಲಗಿದ್ದ ಹೊತ್ತು ನೋಡಿಕೊಂಡು ಅದನ್ನು ಮೆಲ್ಲಗೆ ತಳ್ಳಿಕೊಂಡು ಹೊರಗೆ ತಂದೆ. ಊರಾಚೆ ಕಾಲುವೆ ಏರಿಯ ಮೇಲೆ ಮಣ್ಣು ದಾರಿ. ಎಡಕ್ಕೊಂದು ತಿರುವು, ಅಲ್ಲಿ ಜಲ್ಲಿ ಚೆಲ್ಲಿತ್ತು. ಹಿಂದಿನ ಚಕ್ರ ಕೊಂಚ ಜಾರಿತು. ಹೆದರಿ ಆಕ್ಸಿಲರೇಟರ್ ಬಿಟ್ಟೆ, ಮುಂದಿನ ಬ್ರೇಕ್ ಹಿಡಿದೆ. ಆಮೇಲೆ ನೆನಪಿರುವುದು ಬಾಯೊಳಗಿನ ಮಣ್ಣಿನ ರುಚಿ. ಓಡಿ ಬಂದ ಮಾವ ನನ್ನ ಮೊಣಕೈ ನೋಡುವ ಮೊದಲು ಬೈಕಿನ ಟ್ಯಾಂಕ್ ನೋಡಿದರು. ನೋಡಿ ಸಮಾಧಾನವಾದ ಮೇಲೆ, "ತಿರುವಲ್ಲಿ ಬ್ರೇಕ್ ಹಿಡೀತಾರೇನೋ, ದಡ್ಡ" ಅಂದರು.

ಮಾವನ ಆ ಮಾತು ಒಂದು ಆಟದ ಇಡೀ ಶಾಸ್ತ್ರ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಜಾವಾದ ತವರು ಜೆಕ್ ದೇಶ. ಪ್ರಾಗ್ ನಗರದ ಆಗ್ನೇಯಕ್ಕೆ ದಿವಿಶೋವ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಎಸೋ ಎಂಬ ಹೆಸರಿನಲ್ಲಿ ರೇಸಿನ ಬೈಕುಗಳನ್ನು ಮಾಡುತ್ತಿದ್ದರು. 1964ರಲ್ಲಿ ಆ ಕಾರ್ಖಾನೆ ಜಾವಾದೊಳಗೆ ಸೇರಿತು. ಅಂದರೆ ನಮ್ಮ ಮೈಸೂರಿನಲ್ಲಿ ಹಾಲಿನವರೂ ಮೇಷ್ಟ್ರೂ ಓಡಿಸುವ ಜಾವಾ ತಯಾರಾಗುತ್ತಿದ್ದ ಅದೇ ಕಾಲದಲ್ಲಿ, ಅದರ ದಾಯಾದಿ ಜಾವಾ ಒಂದು ದಿವಿಶೋವ್‌ನಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಹೆಡ್‌ಲೈಟ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬ್ರೇಕೂ ಇಲ್ಲ. ಮುಂದೂ ಇಲ್ಲ, ಹಿಂದೂ ಇಲ್ಲ. ಆ ಬೈಕಿನ ಆಟಕ್ಕೆ ಸ್ಪೀಡ್‌ವೇ ಅಂತ ಹೆಸರು. ಇವತ್ತು ನಾನು ಹೇಳಹೊರಟಿರುವುದು ಆ ಆಟದಲ್ಲಿ ಹುಡುಗರಿಗೆಂದೇ ನಡೆಯುವ ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಋತುವಿನ ಕಥೆ, 2022ರದು.

ಮೊದಲು ಬೈಕು. 500 ಸಿಸಿ, ಒಂದೇ ಸಿಲಿಂಡರ್, ಓಡುವಾಗ ಒಂದೇ ಗೇರ್. ಪೆಟ್ರೋಲ್ ಅಲ್ಲ, ಮೆಥನಾಲ್ ಕುಡಿಯುತ್ತದೆ. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ, ಅದೊಂದು ಭಯ ಬೇರೆ. ಸವಾರನ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿರುತ್ತದೆ. ಮಣಿಕಟ್ಟಿಗೆ ಒಂದು ದಾರ, ದಾರದ ಇನ್ನೊಂದು ತುದಿ ಎಂಜಿನ್ನಿನ ಕಿಡಿಗೆ. ಸವಾರ ಬಿದ್ದರೆ ದಾರ ಕಿತ್ತುಕೊಂಡು ಬಂದು ಎಂಜಿನ್ ಆರುತ್ತದೆ. ಟ್ರ್ಯಾಕ್ ಮೊಟ್ಟೆಯಾಕಾರದ್ದು, ಪುಡಿಗಲ್ಲಿನ ಮಣ್ಣಿನದು. ಪೋಲೆಂಡಿನವರು ಈ ಆಟವನ್ನು ಕರೆಯುವುದೇ 'ಝೂಜೆಲ್' ಅಂತ. ಕುಲುಮೆಯಲ್ಲಿ ಉಳಿಯುವ ಕಿಟ್ಟಕ್ಕೆ ಅವರ ಮಾತು ಅದು. ಹಿಂದೆ ಆ ಕಿಟ್ಟವನ್ನೇ ಹಾಸಿ ಟ್ರ್ಯಾಕ್ ಮಾಡುತ್ತಿದ್ದರಂತೆ.

ನಾಲ್ಕು ಜನ ಸಾಲಾಗಿ ನಿಲ್ಲುತ್ತಾರೆ. ನಾಲ್ಕು ಸುತ್ತು, ಎಲ್ಲವೂ ಎಡಕ್ಕೇ. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಒಂದು ಓಟ ಮುಗಿಯುವುದಕ್ಕೆ ಹಿಡಿಯುವುದು ಸರಿಸುಮಾರು ಒಂದು ನಿಮಿಷ. ತಿರುವಿಗೆ ಬಂದಾಗ ಬೈಕನ್ನು ಎಡಕ್ಕೆ ಮಲಗಿಸಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾರೆ. ಹಿಂದಿನ ಚಕ್ರ ಹೊರಕ್ಕೆ ಓಡುತ್ತಿರುವಾಗ ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ. ನೋಡುವವನಿಗೆ ಈ ಬೈಕು ಹೋಗುತ್ತಿರುವುದು ಎತ್ತಕಡೆ ಅನ್ನುವುದೇ ತಿಳಿಯದು. ಅಲ್ಲಿ ಹ್ಯಾಂಡಲ್ಲಿಗಿಂತ ಆಕ್ಸಿಲರೇಟರೇ ಬೈಕನ್ನು ತಿರುಗಿಸುವುದು. ಜಾರಿತೆಂದು ಹೆದರಿ ಅದನ್ನು ಥಟ್ಟನೆ ಬಿಟ್ಟರೆ ಹಿಂದಿನ ಚಕ್ರ ನೆಲ ಕಚ್ಚುತ್ತದೆ, ಸವಾರ ಬೈಕಿನ ಮೇಲಿಂದ ಹಾರುತ್ತಾನೆ. ಕಾಲುವೆ ಏರಿಯ ಮೇಲೆ ನಾನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಈ ಹುಡುಗರು ಹದಿನಾರು ಹದಿನೇಳಕ್ಕೇ ಆ ಹೆದರಿಕೆಯನ್ನು ಕೈಯಿಂದ ತೆಗೆದುಹಾಕಿಕೊಂಡಿರುತ್ತಾರೆ.

ಕಿರಿಯರ ಪಂದ್ಯಕ್ಕೆ ವಯಸ್ಸಿನ ಮಿತಿ 21. 2022ರಲ್ಲಿ ಈ ಚಾಂಪಿಯನ್‌ಷಿಪ್ಪಿಗೆ ಹೊಸ ಹೆಸರು ಬಂತು: ಎಸ್‌ಜಿಪಿ2, ಅಂದರೆ ಸ್ಪೀಡ್‌ವೇ ಗ್ರ್ಯಾನ್ ಪ್ರೀ 2. ಹಿರಿಯರ ವಿಶ್ವ ಪಟ್ಟ ತೀರ್ಮಾನವಾಗುವ ಗ್ರ್ಯಾನ್ ಪ್ರೀ ನಡೆಯುವ ಊರುಗಳಲ್ಲೇ, ಅದೇ ವಾರಾಂತ್ಯದಲ್ಲೇ, ಅದೇ ಮಣ್ಣಿನ ಮೇಲೇ ಕಿರಿಯರದೂ ನಡೆಯಲಿ ಅಂತ ತೀರ್ಮಾನವಾಯಿತು. ಮೂರು ಊರು: ಮೇ ಕೊನೆಯಲ್ಲಿ ಪ್ರಾಗ್, ಆಗಸ್ಟ್ ನಡುವಿನಲ್ಲಿ ವೇಲ್ಸಿನ ಕಾರ್ಡಿಫ್, ಸೆಪ್ಟೆಂಬರ್ 30ಕ್ಕೆ ಪೋಲೆಂಡಿನ ತೋರೂನ್.

ಇಲ್ಲಿ ಒಂದು ಲೆಕ್ಕ ಹಾಕೋಣ. ಆ ವರ್ಷದ ನಿಯಮದಂತೆ ಒಂದು ಪಂದ್ಯದಲ್ಲಿ ಒಬ್ಬನಿಗೆ ಐದು ಓಟ. ಮೇಲಿನ ಸಾಲಿನಲ್ಲಿದ್ದರೆ ಸೆಮಿಫೈನಲ್ಲು, ದಾಟಿದರೆ ಫೈನಲ್ಲು. ಹೆಚ್ಚೆಂದರೆ ಏಳು. ಓಟಕ್ಕೆ ಒಂದು ನಿಮಿಷ, ಮೂರು ಊರು ಸೇರಿ ಇಪ್ಪತ್ತೊಂದು ನಿಮಿಷ. ವಿಶ್ವ ಚಾಂಪಿಯನ್ ಅನ್ನಿಸಿಕೊಳ್ಳುವುದಕ್ಕೆ ಇಡೀ ವರ್ಷದಲ್ಲಿ ಸಿಗುತ್ತಿದ್ದ ಸಮಯ ಅಷ್ಟೇ. ನಮ್ಮಲ್ಲಿ ಒಂದು ಟಿ-ಟ್ವೆಂಟಿ ಪಂದ್ಯದ ನಾಲ್ಕೈದು ಓವರ್ ಮುಗಿಯುವ ಹೊತ್ತು.

ಇನ್ನೊಂದು ಲೆಕ್ಕ ಇದಕ್ಕಿಂತ ಸೊಗಸು, ನಾನಂತೂ ಅದನ್ನು ಕಾಗದದ ಮೇಲೆ ಹಾಕಿ ನೋಡಿ ಖುಷಿಪಟ್ಟಿದ್ದೇನೆ. ಕಣದಲ್ಲಿರುವವರು ಹದಿನಾರು ಜನ, ಓಟ ಇಪ್ಪತ್ತು. ಪ್ರತಿಯೊಬ್ಬನೂ ಐದು ಸಲ ಇಳಿಯುತ್ತಾನೆ, ಪ್ರತಿ ಸಲ ಮೂವರು ಎದುರಾಳಿಗಳು. ಐದು ಮೂರಲೆ ಹದಿನೈದು. ತನ್ನನ್ನು ಬಿಟ್ಟು ಉಳಿದವರೂ ಹದಿನೈದೇ ಜನ. ಅಂದರೆ ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನನ್ನೂ ಸರಿಯಾಗಿ ಒಂದೇ ಸಲ ಎದುರಿಸುತ್ತಾನೆ, ಎರಡನೇ ಸಲ ಇಲ್ಲ, ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಹದಿನಾರು ಹುಣಸೆಬೀಜ ಇಟ್ಟು, ನಾಲ್ಕು ನಾಲ್ಕರ ಇಪ್ಪತ್ತು ಗುಂಪು ಮಾಡಿ, ಯಾವ ಎರಡು ಬೀಜವೂ ಎರಡು ಸಲ ಜೊತೆಯಾಗದಂತೆ ಜೋಡಿಸಲು ಹೇಳಿ. ಒಂದು ಭಾನುವಾರ ಸುಮ್ಮನಿರುತ್ತಾರೆ.

ಪ್ರಾಗ್‌ನ ಟ್ರ್ಯಾಕ್ ಇರುವುದು ಬ್ರೆವ್ನೋವ್ ಎಂಬ ಬಡಾವಣೆಯಲ್ಲಿ, ಮಾರ್ಕೇಟಾ ಅಂತ ಹೆಸರು. ಇಂಥ ಕಡೆ ಓಟ ಶುರುವಾಗುವ ಮುಂಚಿನ ಎರಡು ನಿಮಿಷವನ್ನು ನೋಡಬೇಕು. ಗಂಟೆ ಹೊಡೆಯುತ್ತದೆ, ಎರಡು ನಿಮಿಷದೊಳಗೆ ನಾಲ್ವರೂ ಗೆರೆಗೆ ಬಂದು ನಿಲ್ಲಬೇಕು, ಇಲ್ಲದಿದ್ದರೆ ಆ ಓಟದಿಂದ ಹೊರಗೆ. ಒಬ್ಬೊಬ್ಬರ ಹೆಲ್ಮೆಟ್ಟಿಗೆ ಒಂದೊಂದು ಬಣ್ಣ: ಕೆಂಪು, ನೀಲಿ, ಬಿಳಿ, ಹಳದಿ. ಹುಡುಗ ಬೈಕಿನ ಮೇಲೆ ಕೂತುಕೊಂಡೇ ಬೂಟಿನ ಹಿಮ್ಮಡಿಯಿಂದ ನೆಲ ಕೆದಕುತ್ತಾನೆ. ಮೇಲಿನ ಸಡಿಲ ಮಣ್ಣು ಸರಿಸಿ ಕೆಳಗಿನ ಗಟ್ಟಿ ನೆಲ ಹುಡುಕುತ್ತಾನೆ, ಹಿಂದಿನ ಚಕ್ರಕ್ಕೆ ಒಂದು ಪುಟ್ಟ ಸಾಲು ಮಾಡಿಕೊಳ್ಳುತ್ತಾನೆ. ನೋಡುವವರಿಗೆ ಗುದ್ದಲಿ ಇಲ್ಲದ ರೈತನ ಹಾಗೆ ಕಾಣುತ್ತಾನೆ. ಇಂಗ್ಲೆಂಡಿನವರು ಇದನ್ನು ತಮಾಷೆಗೆ ತೋಟಗಾರಿಕೆ ಅಂತಲೇ ಕರೆಯುತ್ತಾರೆ. ಆಮೇಲೆ ಎದೆಯನ್ನು ಹ್ಯಾಂಡಲ್ಲಿನ ಮೇಲೆ ಬಗ್ಗಿಸಿ, ಕ್ಲಚ್ ಹಿಡಿದು, ಮುಂದೆ ಅಡ್ಡ ಕಟ್ಟಿರುವ ಟೇಪಿನ ಮೇಲೆ ಕಣ್ಣು. ಟೇಪು ಚಿಮ್ಮಿ ಮೇಲೇರಿತೋ, ಹೊರಟ. ಅದಕ್ಕೆ ಮುಂಚೆ ಟೇಪಿಗೆ ತಗುಲಿದರೆ ದಂಡ. ಮೊದಲ ತಿರುವಿಗೆ ಯಾರು ಮುಂದಾಗಿ ಹೋದರೋ ಅರ್ಧ ಓಟ ಅವರದು. ಹಿಂದೆ ಉಳಿದವರ ಮುಖದ ಮೇಲೆ ಮಣ್ಣಿನ ಮಳೆ. ಕನ್ನಡಕದ ಮೇಲೆ ಪದರ ಪದರವಾಗಿ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಓಡುತ್ತಲೇ ಒಂದೊಂದಾಗಿ ಕಿತ್ತೆಸೆಯುತ್ತಾರೆ, ಬಾಳೆದಿಂಡಿನ ಪಟ್ಟೆ ಸುಲಿದಂತೆ.

ಕಾರ್ಡಿಫ್‌ನದು ಬೇರೆ ಜಾತಿಯ ಅನುಭವ. ಅದು ರಗ್ಬಿ ಆಡುವ ಬೃಹತ್ ಕ್ರೀಡಾಂಗಣ, ಮೇಲೆ ಮುಚ್ಚುವ ತೆರೆಯುವ ಚಾವಣಿ. ಹುಲ್ಲು ತೆಗೆದು ಲಾರಿಗಟ್ಟಲೆ ಮಣ್ಣು ತಂದು ಸುರಿದು, ಕೆಲವೇ ದಿನಗಳ ಮಟ್ಟಿಗೆ ಟ್ರ್ಯಾಕ್ ಕಟ್ಟಿದ್ದರು. ಇಂಥ ಹೊಸ ಮಣ್ಣು ಕೂರುವುದಿಲ್ಲ, ಓಟ ಓಟಕ್ಕೂ ಗುಂಡಿ ಬೀಳುತ್ತದೆ. ಶನಿವಾರ ರಾತ್ರಿ ಹಿರಿಯರ ಪಂದ್ಯ, ಅದನ್ನು ಬ್ರಿಟನ್ನಿನವನೇ ಆದ ಡ್ಯಾನ್ ಬ್ಯೂಲಿ ಗೆದ್ದು ಜನ ಕುಣಿದಾಡಿದರು. ಹುಡುಗರ ಸರದಿ ಮರುದಿನ, ಭಾನುವಾರ. ಮದುವೆ ಮುಗಿದ ಮರುದಿನದ ಛತ್ರದಲ್ಲಿ ನಾಮಕರಣ ಇಟ್ಟುಕೊಂಡಂತೆ ಅನ್ನಿಸಿತು ನನಗೆ. ಇದು ನನ್ನ ಅಭಿಪ್ರಾಯ, ಏರ್ಪಾಡು ಮಾಡಿದವರು ಒಪ್ಪಲಿಕ್ಕಿಲ್ಲ.

ಕಿರಿಯರ ಈ ಚಾಂಪಿಯನ್‌ಷಿಪ್ ಹುಟ್ಟಿದ್ದು 1977ರಲ್ಲಿ. ಆಗ ಅದಕ್ಕೆ ಯುರೋಪಿನ ಕಿರಿಯರ ಚಾಂಪಿಯನ್‌ಷಿಪ್ ಅಂತ ಹೆಸರು. ಡೆನ್ಮಾರ್ಕಿನ ವೋಯೆನ್ಸ್ ಎಂಬಲ್ಲಿ ಡೆನ್ಮಾರ್ಕಿನವನೇ ಆದ ಆಲ್ಫ್ ಬುಸ್ಕ್ ಗೆದ್ದ. ಹೆಸರು ಯುರೋಪಿನದಾದರೂ ಬಾಗಿಲು ಎಲ್ಲರಿಗೂ ತೆರೆದಿತ್ತು. ಹಾಗಾಗಿ 1979ರಲ್ಲಿ ಅಮೆರಿಕದ ರಾನ್ ಪ್ರೆಸ್ಟನ್ ಬಂದು ಯುರೋಪಿನ ಚಾಂಪಿಯನ್ ಆಗಿ ಹೋದ! ಆಮೇಲೆ ವಿಶ್ವ ಚಾಂಪಿಯನ್‌ಷಿಪ್ ಅಂತ ಹೆಸರು ತಿದ್ದಿಕೊಂಡರು. ಆಸ್ಟ್ರೇಲಿಯಾ, ಸ್ವೀಡನ್, ಇಂಗ್ಲೆಂಡ್, ಎಲ್ಲರೂ ಗೆದ್ದರು. ಈಚೆಗೆ ಮಾತ್ರ ಇದು ಪೋಲೆಂಡಿನ ಮನೆ ಹಬ್ಬದಂತಾಗಿದೆ. 2011ರಿಂದ 2024ರ ವರೆಗಿನ 14 ವರ್ಷಗಳಲ್ಲಿ 11 ಸಲ ಪೋಲೆಂಡಿನ ಹುಡುಗರೇ.

ಯಾಕೆ ಅಂತ ಕೇಳಿದರೆ ಉತ್ತರ ಅವರ ಲೀಗಿನ ಒಂದು ನಿಯಮದಲ್ಲಿದೆ. ಪೋಲೆಂಡಿನ ಲೀಗಿನಲ್ಲಿ ಪ್ರತಿ ತಂಡವೂ 21ರೊಳಗಿನ ಇಬ್ಬರು ಹುಡುಗರನ್ನು ಇಳಿಸಲೇಬೇಕು. ಪಂದ್ಯದ ಎರಡನೇ ಓಟ ಇವರಿಗೇ ಮೀಸಲು, ಈ ಕಡೆಯ ಇಬ್ಬರು, ಆ ಕಡೆಯ ಇಬ್ಬರು. ಕ್ರೀಡಾಂಗಣ ತುಂಬಿರುತ್ತದೆ, ಹುಡುಗರ ಒಂದೊಂದು ಅಂಕವೂ ತಂಡದ ಲೆಕ್ಕಕ್ಕೆ. ಕೋಟಿ ಸುರಿದು ಹಿರಿಯರನ್ನು ತರುವ ಕ್ಲಬ್ಬೂ ತನ್ನೂರಿನ ಹುಡುಗರಿಗೆ ಬೈಕು ಕೊಟ್ಟು, ಮೆಕ್ಯಾನಿಕ್ ಕೊಟ್ಟು ಕಲಿಸದೆ ವಿಧಿಯಿಲ್ಲ. ನಮ್ಮ ಕ್ರಿಕೆಟ್ ಲೀಗಿನಲ್ಲಿ ಪ್ರತಿ ಪಂದ್ಯದ ಎರಡನೇ ಓವರನ್ನು ಕಾಲೇಜು ಹುಡುಗನೇ ಎಸೆಯಬೇಕು, ಕಾಲೇಜು ಹುಡುಗನೇ ಎದುರಿಸಬೇಕು ಅಂದರೆ ಹೇಗಿರುತ್ತದೆ, ಯೋಚಿಸಿ.

ಆ ವರ್ಷ ಕಣದಲ್ಲಿ ಇಲ್ಲದವರ ಮಾತನ್ನೂ ಹೇಳಬೇಕು. ಉಕ್ರೇನಿನ ಮೇಲಿನ ದಾಳಿಯಾದ ಮೇಲೆ, 2022ರ ಮಾರ್ಚಿನಲ್ಲಿ, ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ರಷ್ಯಾ ಮತ್ತು ಬೆಲಾರುಸ್‌ನ ಸವಾರರನ್ನು ಹೊರಗಿಟ್ಟಿತು. ಹಿರಿಯರಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆರ್ತ್ಯೋಮ್ ಲಗೂತಾಗೆ ತನ್ನ ಪಟ್ಟ ಉಳಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಕಿರಿಯರ ಪಟ್ಟವನ್ನು ಮೊಟ್ಟಮೊದಲು ಎರಡು ಸಲ ಗೆದ್ದವನೂ ರಷ್ಯಾದವನೇ, ಎಮಿಲ್ ಸೈಫುತ್ದೀನೋವ್, 2007 ಮತ್ತು 2008ರಲ್ಲಿ. ಅವನೂ ಹೊರಗೇ.

ಕೊನೆಗೆ ತೋರೂನ್. ಕೋಪರ್ನಿಕಸ್ ಹುಟ್ಟಿದ ಊರು. ಯಾವುದು ಯಾವುದರ ಸುತ್ತ ತಿರುಗುತ್ತದೆ ಅಂತ ಜಗತ್ತಿಗೆ ತಿಳಿಸಿಕೊಟ್ಟವನ ಊರಿನಲ್ಲಿ ಜನ ಸುತ್ತು ಹೊಡೆಯುವ ಆಟಕ್ಕೆ ಹುಚ್ಚಾಗಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಅಲ್ಲಿನ ಕ್ರೀಡಾಂಗಣಕ್ಕೆ ಮೋಟೋಅರೇನಾ ಅಂತ ಹೆಸರು, 2009ರಲ್ಲಿ ತೆರೆದದ್ದು. ಅದರ ವಿಳಾಸ: ಪೇರ್ ಯೋನ್ಸೋನ್ ರಸ್ತೆ, ನಂಬರ್ 7.

ಯಾರು ಈ ಪೇರ್ ಯೋನ್ಸೋನ್? ಸ್ವೀಡನ್ನಿನವನು. 1985ರಲ್ಲಿ ಕಿರಿಯರ ಪಟ್ಟ ಗೆದ್ದ. 1990ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹಿರಿಯರ ಪಟ್ಟಕ್ಕೆ ಅವನಿಗೂ ಅಮೆರಿಕದ ಶಾನ್ ಮೊರಾನ್‌ಗೂ ಅಂಕ ಸಮವಾಗಿ, ಒಂದು ಓಟ ಹೆಚ್ಚಿಗೆ ಓಡಿ ಗೆದ್ದ. ಆ ಮೊರಾನ್ ಕೂಡ 1981ರ ಕಿರಿಯರ ಚಾಂಪಿಯನ್. ಕಿರಿಯರ ಪಟ್ಟ ಗೆದ್ದವರಲ್ಲಿ ಹಿರಿಯರ ಪಟ್ಟವನ್ನೂ ಮುಟ್ಟಿದವರು ಈವರೆಗೆ ನಾಲ್ಕೇ ಜನ: ಯೋನ್ಸೋನ್, ಇಂಗ್ಲೆಂಡಿನ ಗ್ಯಾರಿ ಹ್ಯಾವ್ಲಾಕ್, ಆಸ್ಟ್ರೇಲಿಯಾದ ಜೇಸನ್ ಕ್ರಂಪ್, ಮತ್ತೆ 2015ರಲ್ಲಿ ಕಿರಿಯರದನ್ನು ಗೆದ್ದು ಆಮೇಲೆ ಹಿರಿಯರದನ್ನು ಬಿಡದೆ ಬಾಚಿಕೊಂಡ ಪೋಲೆಂಡಿನ ಬಾರ್ತೋಶ್ ಜ್ಮಾರ್ಜ್ಲಿಕ್. ಯೋನ್ಸೋನ್ ತೋರೂನ್ ತಂಡಕ್ಕೆ ಓಡುತ್ತಿದ್ದ. 1994ರಲ್ಲಿ ಪಕ್ಕದ ಊರಾದ ಬಿದ್ಗೋಶ್ಚ್‌ನಲ್ಲಿ ಬಿದ್ದ. ಅಂದಿನಿಂದ ಗಾಲಿಕುರ್ಚಿ. ಊರಿನವರು ಮರೆಯಲಿಲ್ಲ, ಅವನು ಬದುಕಿರುವಾಗಲೇ ಕ್ರೀಡಾಂಗಣದ ರಸ್ತೆಗೆ ಅವನ ಹೆಸರಿಟ್ಟರು. 2009, 2010ರಲ್ಲಿ ಸತತವಾಗಿ ಕಿರಿಯರ ಚಾಂಪಿಯನ್ ಆದ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಕೂಡ 2015ರಲ್ಲಿ ಪೋಲೆಂಡಿನಲ್ಲೇ ಬಿದ್ದು ನಡಿಗೆ ಕಳೆದುಕೊಂಡ. 2022ರ ಸೆಪ್ಟೆಂಬರಿನ ಆ ಸಂಜೆ ಹುಡುಗರು ಇಳಿದದ್ದು ಯೋನ್ಸೋನ್ ಹೆಸರಿನ ಆ ರಸ್ತೆಯ ಕ್ರೀಡಾಂಗಣದಲ್ಲೇ.

ಆ ರಾತ್ರಿ ಪಟ್ಟ ದಕ್ಕಿದ್ದು ಮಾತೇವುಶ್ ಚೆರ್ನ್ಯಾಕ್‌ಗೆ. ತಾರ್ನೂವ್ ಊರಿನವನು, ಇನ್ನೂ ಹತ್ತೊಂಬತ್ತು. ಅಪ್ಪ ಮಿರೋಸ್ಲಾವ್ ಕೂಡ ಸ್ಪೀಡ್‌ವೇ ಸವಾರನೇ. ಬಿದ್ದರೆ ಏನಾಗುತ್ತದೆ ಅಂತ ಗೊತ್ತಿದ್ದೂ ಮಗನ ಕೈಗೆ ಬ್ರೇಕಿಲ್ಲದ ಬೈಕು ಕೊಡುವ ಅಪ್ಪಂದಿರು ಈ ಆಟದಲ್ಲಿ ಬಹಳ. ನಮ್ಮ ಮಾವನಿಗೆ ಹೇಳಿದ್ದರೆ ಏನನ್ನುತ್ತಿದ್ದರೋ. ಲೀಗಿನಲ್ಲಿ ಚೆರ್ನ್ಯಾಕ್ ಲೂಬ್ಲಿನ್ ತಂಡದ ಹುಡುಗ, ನಾನು ಆಗ ಹೇಳಿದ ಎರಡನೇ ಓಟದಲ್ಲಿ ಇಳಿಯುತ್ತಿದ್ದವನು. ಮರುವರ್ಷ, 2023ರಲ್ಲಿ, ಕಿರಿಯರ ಪಟ್ಟ ಮತ್ತೆ ಅವನದೇ. ಅಲ್ಲಿಗೆ ಕಿರಿಯರ ವಯಸ್ಸಿನ ಮಿತಿ ಮುಗಿಯಿತು.

2024ರಲ್ಲಿ ಲೂಬ್ಲಿನ್‌ನ ಎರಡನೇ ಓಟಕ್ಕೆ ಬಿದ್ಗೋಶ್ಚ್‌ನಿಂದ ಒಬ್ಬ ಹೊಸ ಹುಡುಗನನ್ನು ತಂದು ನಿಲ್ಲಿಸಿದರು, ವಿಕ್ತೋರ್ ಪ್ಶಿಯೆಮ್ಸ್ಕಿ. ಆ ವರ್ಷದ ಕಿರಿಯರ ವಿಶ್ವ ಚಾಂಪಿಯನ್ ಅವನು. ಅವನಿಗೂ ಆಗ ಹತ್ತೊಂಬತ್ತೇ.

ನಮಸ್ಕಾರ.